ಮನೆಯಲ್ಲಿ ನೋಡಿದ್ದು ನೋಡಿದ ಹಾಗಾಯಿತೇ?

“ಆ ಸಿನಿಮಾ ನೋಡಿದೆ, ಅಂಥದ್ದೇನೂ ಇಲ್ಲ” ಎಂದು ಯಾರಾದರೂ ಅಂದರೆ ಈಗ ತಕ್ಷಣ ಬರುವ ಪ್ರಶ್ನೆ: “ಎಲ್ಲಿ ನೋಡಿದೆ?” ಥಿಯೇಟರಿನಲ್ಲಿ ಅಂದರೆ ಮಾತು ಮುಂದುವರಿಯುತ್ತದೆ. ಮನೆಯಲ್ಲಿ ಅಂದರೆ ಕೇಳಿದವರ ಮುಖದಲ್ಲೊಂದು ಸಣ್ಣ ನಗು, ಹಾಗಾದರೆ ಬಿಡು ಎಂಬಂತೆ. ಆ ನಗು ನ್ಯಾಯವೇ? ಮನೆಯಲ್ಲಿ ಕೂತು ನೋಡಿದವರ ಅಭಿಪ್ರಾಯ ಥಿಯೇಟರಿಗೆ ಹೋಗಿ ನೋಡಿದವರ ಅಭಿಪ್ರಾಯದಷ್ಟೇ ತೂಗಬೇಕೇ? ಎರಡೂ ಕಡೆಯ ವಾದವನ್ನು ಇಲ್ಲಿ ನಾನೇ ಹೂಡಿದ್ದೇನೆ. ತಕ್ಕಡಿ ಸಮ ಹಿಡಿಯಬೇಕೆಂದೇ ಬರೆಯಲು ಕೂತೆ. ಆಗಲಿಲ್ಲ.

ಪರ: ಅಷ್ಟೇ ತೂಗಬೇಕು

ಸಿನಿಮಾ ಹುಟ್ಟಿದ್ದೇ ಕತ್ತಲೆಯ ಕೋಣೆಯಲ್ಲಿ, ಜನರ ನಡುವೆ ಎಂಬ ಮಾತನ್ನು ಥಿಯೇಟರ್ ಭಕ್ತರು ಮಂತ್ರದಂತೆ ಹೇಳುತ್ತಾರೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಕೆಫೆಯೊಂದರ ನೆಲಮಾಳಿಗೆಯಲ್ಲಿ ಲೂಮಿಯೇರ್ ಸೋದರರು ಕಾಸು ಪಡೆದು ಹತ್ತು ಪುಟ್ಟ ಚಿತ್ರಗಳನ್ನು ತೋರಿಸಿದ್ದನ್ನೇ ಅವರು ಸಿನಿಮಾದ ಹುಟ್ಟುಹಬ್ಬವಾಗಿ ಆಚರಿಸುವುದು. ಆದರೆ ಅದಕ್ಕೂ ಒಂದು ವರ್ಷ ಮೊದಲೇ, 1894ರಲ್ಲಿ, ನ್ಯೂಯಾರ್ಕಿನಲ್ಲಿ ಎಡಿಸನ್ನನ ಕಿನೆಟೋಸ್ಕೋಪ್ ಪೆಟ್ಟಿಗೆಗಳು ಜನರಿಗೆ ತೆರೆದುಕೊಂಡಿದ್ದವು. ಪೆಟ್ಟಿಗೆಯ ತಲೆಯ ಮೇಲೊಂದು ಕಿಂಡಿ. ಬಗ್ಗಿ ಕಣ್ಣಿಟ್ಟು ಒಬ್ಬೊಬ್ಬರೇ ನೋಡಬೇಕು. ಅಂದರೆ ಚಲಿಸುವ ಚಿತ್ರಕ್ಕೆ ಮೊದಮೊದಲು ದುಡ್ಡು ಕೊಟ್ಟ ಪ್ರೇಕ್ಷಕ ಒಂಟಿ. ಇವತ್ತು ದಿಂಬಿಗೆ ಒರಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುವವರು ಅವನ ವಂಶದವರೇ.

ಥಿಯೇಟರಿನ ಏಕಾಗ್ರತೆ ಎನ್ನುತ್ತಾರಲ್ಲ, ಅದೂ ಅಷ್ಟೇನೂ ಹಳೆಯದಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಪ್ರದರ್ಶನಗಳು ಬೆನ್ನಿಗೊಂದರಂತೆ ಬಿಡದೆ ಓಡುತ್ತಿದ್ದವು. ಜನ ಬಿಡುವಾದಾಗ ಒಳಗೆ ಹೊಕ್ಕು, ಸಿನಿಮಾ ಎಲ್ಲಿಗೆ ಬಂದಿದೆಯೋ ಅಲ್ಲಿಂದ ನೋಡಲು ಶುರು ಮಾಡಿ, ಮುಂದಿನ ಆಟದಲ್ಲಿ ತಾವು ಬಂದ ಜಾಗ ಬಂದ ಕೂಡಲೇ ಎದ್ದು ಹೋಗುತ್ತಿದ್ದರು. 1960ರಲ್ಲಿ ಹಿಚ್‌ಕಾಕ್ ತಾನು ನಿರ್ದೇಶಿಸಿದ ‘ಸೈಕೋ’ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಎಂದು ಪಟ್ಟು ಹಿಡಿದದ್ದು ದೊಡ್ಡ ಸುದ್ದಿಯಾದದ್ದು ಅದಕ್ಕೇ. ಕ್ಲೈಮ್ಯಾಕ್ಸ್ ನೋಡಿ ಆಮೇಲೆ ಮೊದಲ ದೃಶ್ಯ ನೋಡುತ್ತಿದ್ದವರ ಅಭಿಪ್ರಾಯಕ್ಕೆ ಬೆಲೆಯಿತ್ತು, ಮನೆಯಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿದವರದ್ದಕ್ಕೆ ಇಲ್ಲವೇ?

ಇನ್ನು ಗುಂಪಿನ ಮಾತು. ನಗುವಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಕಂಡುಕೊಂಡದ್ದು ಇದು: ಒಬ್ಬರೇ ಇದ್ದಾಗ ನಗುವುದಕ್ಕಿಂತ ಸುಮಾರು 30 ಪಟ್ಟು ಹೆಚ್ಚು ನಾವು ಜೊತೆಗೆ ಜನ ಇದ್ದಾಗ ನಗುತ್ತೇವೆ. ಹಾಗಿದ್ದಮೇಲೆ ತುಂಬಿದ ಹಾಲಿನಿಂದ ಹೊಟ್ಟೆ ಹಿಡಿದುಕೊಂಡು ಹೊರಬಂದವರು “ಸಖತ್ತಾಗಿದೆ” ಅಂದರೆ, ಆ ಮೆಚ್ಚುಗೆಯಲ್ಲಿ ಸಿನಿಮಾದ ಪಾಲೆಷ್ಟು, ಪಕ್ಕದ ಸೀಟಿನವರ ಪಾಲೆಷ್ಟು? ಹೊಡೆದಾಟದ ಸಿನಿಮಾಗಳದ್ದೂ ಇದೇ ಕಥೆ. ಎದೆ ನಡುಗಿದ್ದು ದೃಶ್ಯಕ್ಕೋ ಸ್ಪೀಕರಿಗೋ ಎಂಬುದು ಹೊರಗೆ ಬಂದ ಅರ್ಧ ಗಂಟೆಗೆ ತಿಳಿಯುವುದಿಲ್ಲ. ದೊಡ್ಡ ಪರದೆಯ ಮೇಲೆ ಭರ್ಜರಿಯಾಗಿ ಕಂಡದ್ದು ಮನೆಯಲ್ಲಿ ಟೊಳ್ಳೆನಿಸಿದರೆ, ಟೊಳ್ಳಾಗಿದ್ದದ್ದು ಮನೆಯಂತೂ ಅಲ್ಲ.

ಮನೆಯಲ್ಲಿ ನೋಡುವುದರಲ್ಲಿ ಥಿಯೇಟರಿನಲ್ಲಿ ಸಿಗದ ಒಂದು ಸುಖವಿದೆ, ಹಿಂದಕ್ಕೆ ಹೋಗುವುದು. ಈಚೆಗೆ ನೋಡಿದ ಒಂದು ಸಿನಿಮಾದಲ್ಲಿ ತಾಯಿ ಮಗನನ್ನು ಕಳಿಸಿಕೊಡುವ ದೃಶ್ಯ ಬಂತು. “ಹೋಗಿ ಬಾ” ಅನ್ನುತ್ತಾಳೆ. ಸಾಮಾನ್ಯ ಮಾತು, ನೂರು ಸಿನಿಮಾದಲ್ಲಿ ಕೇಳಿದ್ದು. ಆದರೆ ಏನೋ ತಪ್ಪಿತಲ್ಲ ಅನ್ನಿಸಿ ಹತ್ತು ಸೆಕೆಂಡು ಹಿಂದಕ್ಕೆ ಹೋದೆ. ಬಾಯಿ ಹೋಗಿ ಬಾ ಎನ್ನುತ್ತಿದ್ದರೆ ಅವಳ ಎರಡು ಬೆರಳು ಅವನ ಅಂಗಿಯ ಗುಂಡಿಯನ್ನು ಬಿಡಲೇ ಇಲ್ಲ. ಅವನು ತಿರುಗಿದಾಗ ಬಟ್ಟೆ ಒಂದಿಷ್ಟು ಜಗ್ಗಿತು. ಮೂರು ಸಲ ನೋಡಿದೆ. ಥಿಯೇಟರಿನಲ್ಲಾಗಿದ್ದರೆ ಆ ಬೆರಳುಗಳು ನನ್ನ ಪಾಲಿಗೆ ಇರುತ್ತಲೇ ಇರಲಿಲ್ಲ. ನಟನೆಯ ಬಗ್ಗೆ ನಾನು ಈಗ ಹೇಳುವ ಮಾತಿಗೆ ಆಧಾರವಿದೆ.

ಸಿನಿಮಾಗಳ ಹಣೆಬರಹವನ್ನು ಮನೆಗಳೇ ತಿದ್ದಿದ್ದೂ ಉಂಟು. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಥಿಯೇಟರಿನಲ್ಲಿ ಹಾಕಿದ ದುಡ್ಡನ್ನೂ ಎತ್ತಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋದಾಗ ಟಿವಿ ಕೇಂದ್ರಗಳು ಪುಕ್ಕಟೆ ಸಿಕ್ಕಿತೆಂದು ವರ್ಷವರ್ಷವೂ ಹಾಕಿದವು, ನೋಡನೋಡುತ್ತಲೇ ಅದು ಅಮೆರಿಕದ ಮನೆಮಾತಾಯಿತು. 1994ರ ‘ದಿ ಶಾಶಾಂಕ್ ರಿಡೆಂಪ್ಶನ್’ ಕೂಡ ಥಿಯೇಟರಿನಲ್ಲಿ ಮಕಾಡೆ ಮಲಗಿ, ವಿಡಿಯೊ ಕ್ಯಾಸೆಟ್ಟು ಮತ್ತು ಟಿವಿಯಲ್ಲಿ ಎದ್ದು ನಿಂತದ್ದೇ. ಸತ್ಯಜಿತ್ ರಾಯ್ 1981ರಲ್ಲಿ ‘ಸದ್ಗತಿ’ ಮಾಡಿದ್ದು ದೂರದರ್ಶನಕ್ಕಾಗಿ. ಪೋಲಿಷ್ ನಿರ್ದೇಶಕ ಕೀಸ್ಲೊವ್ಸ್ಕಿಯ ‘ಡೆಕಲಾಗ್’ ಹತ್ತು ಕಂತುಗಳಲ್ಲಿ ಪೋಲೆಂಡಿನ ಟಿವಿಗೆಂದೇ ಆದದ್ದು. ಇಷ್ಟೇಕೆ, ಆಸ್ಕರಿಗೆ ಮತ ಹಾಕುವವರ ಮನೆಗೇ ದಶಕಗಳ ಕಾಲ ಕ್ಯಾಸೆಟ್ಟು, ಡಿವಿಡಿ ಹೋಗುತ್ತಿದ್ದವು, ಈಗ ಸ್ಟ್ರೀಮಿಂಗ್. ಪ್ರಶಸ್ತಿಯ ತೀರ್ಪು ಸೋಫಾದ ಮೇಲೆ ಆಗಬಹುದಾದರೆ ನಮ್ಮ ನಿಮ್ಮ ತೀರ್ಪು ಯಾಕಾಗಬಾರದು?

ಕಿವಿ ಮಂದವಾಗಿ ಸಬ್‌ಟೈಟಲ್ ಇಲ್ಲದೆ ಆಗದವರು, ಎರಡೂವರೆ ಗಂಟೆ ಒಂದೇ ಕಡೆ ಕೂರಲಾಗದವರು, ಎಳೆಗೂಸು ಇರುವವರು ಇವರೆಲ್ಲ ಥಿಯೇಟರಿಗೆ ಹೋಗುವುದು ಹೇಗೆ? ಅವರ ಮಾತನ್ನು ಅರ್ಧ ಬೆಲೆಗೆ ಕೊಳ್ಳುವವರಿಗೆ ಸಿನಿಮಾದ ಮೇಲಿನ ಪ್ರೀತಿಗಿಂತ ತಾವು ಥಿಯೇಟರಿಗೆ ಹೋಗಬಲ್ಲೆವೆಂಬ ಬಿಂಕವೇ ಹೆಚ್ಚು.

ವಿರೋಧ: ತೂಗುವುದಿಲ್ಲ

ಹೋದ ವಾರ ಮನೆಯಲ್ಲಿ ಒಂದು ಸಿನಿಮಾ ನೋಡಿದೆ. ಎರಡು ಗಂಟೆ ಹತ್ತು ನಿಮಿಷದ್ದು. ಮುಗಿಸಲು ಮೂರು ದಿನ ಹಿಡಿಯಿತು. ಮೊದಲ ರಾತ್ರಿ ನಲವತ್ತು ನಿಮಿಷಕ್ಕೆ ನಿದ್ದೆ. ಎರಡನೆಯ ರಾತ್ರಿ ನಾಯಕಿ ಅಳಲು ಶುರು ಮಾಡುವ ಹೊತ್ತಿಗೆ ಸರಿಯಾಗಿ ಫೋನ್ ಬಂತು, ರಿಮೋಟ್ ಒತ್ತಿ ನಿಲ್ಲಿಸಿದೆ. ಮಾತು ಮುಗಿಸಿ ಬಂದು ನೋಡಿದರೆ ಪರದೆಯ ಮೇಲೆ ಅವಳು ಒಂದು ಕಣ್ಣು ಅರ್ಧ ಮುಚ್ಚಿ, ಬಾಯಿ ಓರೆ ಮಾಡಿ, ಸೀನು ಬರುವ ಮೊದಲಿನ ಅವಸ್ಥೆಯಲ್ಲಿ ನಿಂತಿದ್ದಾಳೆ. ಆಮೇಲೆ ಆಕೆ ಎಷ್ಟು ಅತ್ತರೂ ನನಗೆ ಆ ಮುಖವೇ ಕಣ್ಣಮುಂದೆ. ಮೂರನೆಯ ದಿನ ಬಟ್ಟೆ ಮಡಿಸುತ್ತ ಉಳಿದದ್ದನ್ನು ಮುಗಿಸಿದೆ. ಮರುದಿನ ಗೆಳೆಯ “ಹೇಗಿದೆಯೋ?” ಅಂದ. “ಒಂದ್ಸಲ ನೋಡಬಹುದು ಕಣೋ. ಮಧ್ಯೆ ಎಳೆದಿದ್ದಾರೆ” ಅಂದೆ.

ಎಳೆದವನು ನಾನು. ಎರಡು ಗಂಟೆಯದನ್ನು ಮೂರು ದಿನಕ್ಕೆ.

ಮನೆಯಲ್ಲಿ ನೋಡಿದವರ ಅಭಿಪ್ರಾಯದ ತೊಂದರೆಯೆಲ್ಲ ಇಲ್ಲೇ ಇರುವುದು. ಅವರು ಹೇಳುವುದು ತಮ್ಮ ಆ ಸಂಜೆಯ ಬಗ್ಗೆ, ಹೆಸರು ಮಾತ್ರ ಸಿನಿಮಾದ್ದು.

ಪರ ವಾದ ಎರಡೂ ಕಡೆ ನೋಡುವುದು ಒಂದೇ ಸಿನಿಮಾ ಎಂದು ನಂಬಿಕೊಂಡಿದೆ. ಒಂದೇ ಅಲ್ಲ. 43 ಇಂಚಿನ ಟಿವಿಯನ್ನು ಒಂಬತ್ತು ಅಡಿ ದೂರದಿಂದ ನೋಡಿದರೆ ಅದು ಕಣ್ಣಿನ ಮುಂದೆ ಹರಡಿಕೊಳ್ಳುವುದು ಸುಮಾರು 20 ಡಿಗ್ರಿಯಷ್ಟು. (ಅಡ್ಡ ಹಿಡಿದ ಫೋನನ್ನು ಮುಖದಿಂದ 40 ಸೆಂಟಿಮೀಟರ್ ದೂರ ಇಟ್ಟರೂ ಹೆಚ್ಚೂಕಡಿಮೆ ಅಷ್ಟೇ. ಫೋನಿನಲ್ಲಿ ಸಿನಿಮಾ ನೋಡುವವರನ್ನು ಟಿವಿಯವರು ಆಡಿಕೊಳ್ಳುವುದನ್ನು ಇನ್ನಾದರೂ ಬಿಡಬೇಕು.) ಥಿಯೇಟರಿನ ನಡುಸಾಲಿನಲ್ಲಿ ಸಾಮಾನ್ಯವಾಗಿ ಅದರ ಎರಡು ಪಟ್ಟಾದರೂ ಸಿಗುತ್ತದೆ. ಅದರ ಮೇಲೆ 2.39:1 ಅಳತೆಯ ಅಗಲ ಚಿತ್ರವಾದರೆ ಟಿವಿಯ ಪರದೆಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಕಾಲು ಭಾಗ ಖಾಲಿ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಒಮರ್ ಷರೀಫ್ ಮೊದಲ ಸಲ ಕಾಣಿಸಿಕೊಳ್ಳುವುದು ಮರುಭೂಮಿಯ ಅಂಚಿನಲ್ಲಿ, ಬಿಸಿಲ ಅಲೆಯಲ್ಲಿ ನಡುಗುವ ಒಂದು ಚುಕ್ಕೆಯಾಗಿ. ಆ ಚುಕ್ಕೆ ಮೆಲ್ಲಗೆ ಮನುಷ್ಯನಾಗುವವರೆಗೆ ನಾವು ಕಾಯಬೇಕು. 70 ಎಂಎಂಗಾಗಿ ತೆಗೆದದ್ದು ಅದು. ಚುಕ್ಕೆಯೇ ಕಾಣದಿದ್ದರೆ ಏನನ್ನು ಕಾಯುವುದು? ಫೋನಿನಲ್ಲಿ ನೋಡಿದವರಿಗೆ ಅಲ್ಲಿ ಸಿಗುವುದು ಮರಳು ಮತ್ತು ಬೇಸರ.

ಇನ್ನೊಂದು, ಟಿವಿಯ ಅತಿಜಾಣತನ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಅನೇಕ ಟಿವಿಗಳು ಅವುಗಳ ನಡುವೆ ತಾವೇ ಹುಟ್ಟಿಸಿದ ಫ್ರೇಮುಗಳನ್ನು ತುರುಕಿ ಚಲನೆಯನ್ನು ನುಣುಪು ಮಾಡುತ್ತವೆ. ಕ್ರಿಕೆಟ್ಟಿಗೆ ಚೆಂದ. ಸಿನಿಮಾ ಮಾತ್ರ ಧಾರಾವಾಹಿಯಂತೆ ಕಾಣತೊಡಗುತ್ತದೆ. 2018ರಲ್ಲಿ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಜೊತೆ ವಿಡಿಯೊದಲ್ಲಿ ಬಂದು ದಯವಿಟ್ಟು ಆ ಸೆಟ್ಟಿಂಗ್ ಆಫ್ ಮಾಡಿ ಎಂದು ಕೇಳಿಕೊಂಡರು. ಎಷ್ಟು ಮಂದಿ ಮಾಡಿದರೋ! “ಮೇಕಿಂಗ್ ಯಾಕೋ ಸೀರಿಯಲ್ ಥರ ಇದೆ” ಎಂಬ ವಿಮರ್ಶೆ ಕೇಳಿದಾಗಲೆಲ್ಲ ಅವರ ಟಿವಿಯ ಮೆನು ತೆಗೆದು ನೋಡಬೇಕೆನಿಸುತ್ತದೆ.

ಶಬ್ದದ್ದು ಇನ್ನೂ ದೊಡ್ಡ ಗೋಳು. ಥಿಯೇಟರಿನಲ್ಲಿ ಪಾತ್ರಗಳ ಮಾತು ಮುಖ್ಯವಾಗಿ ಪರದೆಯ ಹಿಂದಿನ ನಡು ಸ್ಪೀಕರಿನಿಂದ ಬರುತ್ತದೆ, ಮಳೆ, ಗಾಳಿ, ಸಂಗೀತಕ್ಕೆ ಬೇರೆ ಸ್ಪೀಕರುಗಳಿವೆ. ಮನೆಯಲ್ಲಿ ಅಷ್ಟೂ ದನಿಗಳು ಟಿವಿಯ ಎರಡು ಪುಟ್ಟ ಸ್ಪೀಕರುಗಳಲ್ಲೇ ಒತ್ತೊತ್ತಾಗಿ ನುಗ್ಗಬೇಕು. ಪಿಸುಮಾತು ಬಂದರೆ ವಾಲ್ಯೂಮ್ ಏರಿಸು, ಬಾಂಬು ಬಿದ್ದರೆ ಇಳಿಸು. ಕೊನೆಗೆ “ಡೈಲಾಗೇ ಕೇಳಿಸಲ್ಲ” ಎಂಬ ದೂರು ಸಿನಿಮಾದ ತಲೆಗೆ.

ನಗುವಿನ ವಾದಕ್ಕೆ ಬರೋಣ. ಜನರ ನಡುವೆ 30 ಪಟ್ಟು ಹೆಚ್ಚು ನಗುತ್ತೇವೆ, ಸರಿ. ಹಾಸ್ಯ ಸಿನಿಮಾ ಮಾಡುವವರಿಗೆ ಇದು ಪ್ರೊವೈನ್ ಹೇಳುವ ಮೊದಲೇ ಗೊತ್ತಿತ್ತು. 1935ರ ‘ಎ ನೈಟ್ ಅಟ್ ದಿ ಆಪೆರಾ’ ಚಿತ್ರೀಕರಣಕ್ಕೆ ಮೊದಲು ಅದರ ಹಾಸ್ಯನಟರಾದ ಮಾರ್ಕ್ಸ್ ಸೋದರರು ಅದರ ದೃಶ್ಯಗಳನ್ನು ಊರೂರಿನ ರಂಗದ ಮೇಲೆ ಆಡಿ, ಜನ ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂದು ಅಳೆದುಕೊಂಡರು. ಮುಂದಿನ ಮಾತು ನಗುವಿನಲ್ಲಿ ಮುಳುಗಿ ಹೋಗದಿರಲೆಂದು ನಡುವೆ ಜಾಗ ಬಿಡುವುದಕ್ಕೆ. ಒಬ್ಬರೇ ಕೂತು ನೋಡಿದರೆ ಆ ಜಾಗವೆಲ್ಲ ಬರಿದು. ಅಲ್ಲಿ ತುಂಬಬೇಕಾದವರು ಬಂದಿಲ್ಲ. ಆ ಬರಿದನ್ನು ಮನೆಯವರು ಕರೆಯುವುದು ‘ಲ್ಯಾಗ್’ ಎಂದು. ಪಕ್ಕದ ಸೀಟಿನವರ ನಗು ಕಲಬೆರಕೆಯಲ್ಲ, ಅಡುಗೆಗೆ ಉಪ್ಪು ಹಾಕಿದ ಹಾಗೆ ಲೆಕ್ಕ ಹಿಡಿದೇ ಹಾಕಿದ್ದು.

ಆಸ್ಕರ್ ಮತದಾರರೂ ಮನೆಯಲ್ಲೇ ನೋಡುತ್ತಾರೆ ಎಂಬ ಮಾತು ನನಗೆ ಸಮಾಧಾನ ತರುವುದಿರಲಿ, ಕೆಲವು ಪ್ರಶಸ್ತಿಗಳು ಯಾಕೆ ಹಾಗೆ ಹೋದವು ಎಂಬ ಅನುಮಾನಕ್ಕೆ ಉತ್ತರ ಕೊಡುತ್ತದೆ. ಟಿವಿಯಲ್ಲಿ ಗೆದ್ದ ಹಳೆಯ ಸಿನಿಮಾಗಳ ವಿಷಯ ಬೇರೆ. ಎಪ್ಪತ್ತರ ದಶಕದಲ್ಲಿ ಟಿವಿಯಲ್ಲಿ ಸಿನಿಮಾ ಬಂದರೆ ಅದು ಹೇಳಿದ ಹೊತ್ತಿಗೆ ಬರುತ್ತಿತ್ತು. ನಿಲ್ಲಿಸುವ ಗುಂಡಿ ಇರಲಿಲ್ಲ, ಜಾಹೀರಾತು ಬಂದಾಗ ಮಾತ್ರ ಏಳಬಹುದಿತ್ತು, ಮನೆಮಂದಿಯೆಲ್ಲ ಒಟ್ಟಿಗೆ ಕೂರುತ್ತಿದ್ದರು. ಅದು ಇವತ್ತಿನ ಮನೆಗಿಂತ ಥಿಯೇಟರಿಗೇ ಹತ್ತಿರ. ಇವತ್ತಿನ ಮನೆಯಲ್ಲಿ ಏನಿದೆ? 2020ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಆ್ಯಪಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ನೋಡುವ ಸೌಲಭ್ಯ ಕೊಟ್ಟಿತು, ಹಲವು ನಿರ್ದೇಶಕರು ಮೊದಲೇ ಬೇಡವೆಂದು ಗೋಗರೆದಿದ್ದರೂ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ “ಭಾವನೆಗಳು ಮನಸ್ಸಿಗೆ ತಟ್ಟಲಿಲ್ಲ” ಎನ್ನುವವರಿಗೆ ಏನು ಹೇಳೋಣ?

‘ಸದ್ಗತಿ’, ‘ಡೆಕಲಾಗ್’ ಮಟ್ಟಿಗೆ ನಾನು ಸೋತೆ. ಮನೆಗೆಂದೇ ಮಾಡಿದ್ದನ್ನು ಮನೆಯಲ್ಲೇ ನೋಡಬೇಕು. ಕಾಯಿಲೆ, ಕೂಸು, ಕಿವಿ ಇವುಗಳಿಂದ ಮನೆಯಲ್ಲೇ ಉಳಿದವರ ಬಾಯಿ ಮುಚ್ಚಿಸುವುದೂ ನನಗೆ ಬೇಡ. ಅಂಥವರು ಬಹುಪಾಲು ನನಗಿಂತ ಶ್ರದ್ಧೆಯಿಂದಲೇ ನೋಡುತ್ತಾರೆ. ಆ ಅಂಗಿಯ ಗುಂಡಿಯ ದೃಶ್ಯಕ್ಕೂ ನನ್ನಲ್ಲಿ ಉತ್ತರವಿಲ್ಲ. ಒಂದು ಸಣ್ಣ ಸಂಶಯ ಮಾತ್ರ ಇದೆ: ದೊಡ್ಡ ಪರದೆಯಲ್ಲಿ ಆ ಬೆರಳುಗಳು ಮೊದಲ ಸಲವೇ ಕಾಣುತ್ತಿದ್ದವೋ ಏನೋ.

ನನ್ನ ಆ ಮೂರು ದಿನದ ಸಿನಿಮಾ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮೊನ್ನೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ದೀಪ ಆರಿಸಿ, ಕಿಟಕಿಗೆ ಹೊದಿಕೆ ಇಳಿಬಿಟ್ಟು, ಒಂದೇ ಪಟ್ಟಿಗೆ ಕೂತು ಮತ್ತೆ ನೋಡಿದೆ. ಮಧ್ಯದಲ್ಲಿ ಎಳೆದಿದ್ದಾರೆ ಅಂದಿದ್ದೆನಲ್ಲ, ಆ ಮಧ್ಯದ ಭಾಗದಲ್ಲೇ ಸಿನಿಮಾ ಇದ್ದದ್ದು. ನಾಯಕಿ ಅತ್ತಾಗ ನಗು ಬರಲಿಲ್ಲ. ಪರ ವಾದದವರು ಈಗ ಕೈ ಎತ್ತಬಹುದು: ನೋಡಿದ್ದು ಮನೆಯಲ್ಲೇ ತಾನೇ? ಹೌದು, ಮನೆಯನ್ನು ಎರಡು ಗಂಟೆ ಮನೆಯಾಗಿರದಂತೆ ಮಾಡಿಕೊಂಡು ನೋಡಿದೆ.

ಕೂಡಲೇ ಗೆಳೆಯನಿಗೆ ಫೋನ್ ಮಾಡಿ, “ಅದು ಚೆನ್ನಾಗಿದೆ ಕಣೋ, ನೋಡು” ಅಂದೆ.

“ಎಳೆದಿದ್ದಾರೆ ಅಂದಿದ್ದೆಯಲ್ಲೋ” ಅಂದ. “ಅದಕ್ಕೇ ನಿನ್ನೆ ಓಡಿಸಿ ಓಡಿಸಿ ನೋಡಿ ಮುಗಿಸಿದೆ.”