ಕಾಡಲ್ಲಿ ಹಾಕಂಗಿಲ್ಲದ ಬೆಂಕಿ

ಶನಿವಾರ ರಾತ್ರಿಯಿಂದ ತಲೆ ಬಿಸಿಯಾಗಿದೆ. ಇಲ್ಲಿ ಕಾರಿಕೊಳ್ತೀನಿ, ಬೇಜಾರಾಗುವವರು ಸುಮ್ನೆ ಮುಂದೆ ಹೋಗಿ.

ಆಫೀಸಿನವರ ಜೊತೆ ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ರೆಸಾರ್ಟಿಗೆ ಹೋಗಿದ್ದೆ. ಯಳಂದೂರಿನವಳು ದುಡ್ಡು ಕೊಟ್ಟು ತನ್ನ ಸೀಮೆಗೇ ಟೂರು! ಊಟಕ್ಕೆ ಮುಂಚೆ ಅಂಗಳದಲ್ಲಿ ದೊಡ್ಡ ಕ್ಯಾಂಪ್ ಫೈರ್, ಸುತ್ತ ಕುರ್ಚಿ. ಆ ಬೆಟ್ಟದ ಕಾಡಿನ ಬುಡಕಟ್ಟಿನವರಾದ ಸೋಲಿಗರನ್ನು ಏಳೆಂಟು ಜನ ಕರೆಸಿ, ಅವರ ಕುಣಿತ ಗೊರುಕ ಕುಣಿಸಿದರು. ಮೈಕ್ ಹಿಡಿದ ಹುಡುಗ, 'ಇವರು ಪ್ರಕೃತಿ ಮಾತೆಯ ಮಕ್ಕಳು. ಕಾಡಿಂದ ಪಡೆದದ್ದನ್ನು ಕಾಡಿಗೆ ವಾಪಸ್ ಕೊಡುವವರು' ಅಂದ. ಎಲ್ಲರೂ ಚಪ್ಪಾಳೆ. ನಾನೂ ತಟ್ಟಿದೆ. ವಿಡಿಯೊ ಮಾಡಿ ಸ್ಟೇಟಸ್ಸಿಗೂ ಹಾಕಿದೆ, ನೋಡಿರ್ತೀರಿ.

ಕುಣಿತ ಮುಗಿದ ಮೇಲೆ ಒಬ್ಬ ಅಜ್ಜ ಬೆಂಕಿ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೊರಗೆ ಉರುಳಿದ್ದ ಕೊಳ್ಳಿಯನ್ನು ಕೋಲಿನಿಂದ ಒಳಗೆ ತಳ್ಳುತ್ತಿದ್ದರು. 'ಚಳಿ ಜಾಸ್ತಿ ಅಲ್ವಾ ಅಜ್ಜ' ಅಂದೆ. ಅವರು ಬೆಂಕಿ ಮೇಲಿನ ಕಣ್ಣು ತೆಗೆಯದೆ, 'ಕಾಡೊಳಗ ಒಂದು ಕಡ್ಡಿ ಗೀರಂಗಿಲ್ಲ ಕನವ್ವ. ಇಲ್ಲಿ ಬೆಂಕಿ ಮುಂದ ಕುಣುದ್ರ ಕಾಸು ಕೊಡ್ತರ' ಅಂದು ನಕ್ಕರು.

ನನಗೆ ನಗು ಬರಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಸೋಲಿಗರಲ್ಲಿ ತರಗು ಬೆಂಕಿ ಅಂತ ಒಂದು ಪದ್ಧತಿ ಇತ್ತು. ಎಲೆ ಉದುರುವ ಕಾಲದಲ್ಲಿ, ಬೇಸಿಗೆ ಬಲಿಯುವ ಮುಂಚೆಯೇ, ತರಗೆಲೆಗೆ ಹಾಕುವ ಸಣ್ಣ ಬೆಂಕಿ. ಮೇಲಕ್ಕೆ ಏಳದೆ ನೆಲದ ಮೇಲೇ ಸರಸರ ಹರಿದುಹೋಗುತ್ತಿತ್ತು. ದೊಡ್ಡ ಮರ ನಿಲ್ಲುತ್ತಿತ್ತು, ಕಳೆಯ ಸಸಿ ಸಾಯುತ್ತಿತ್ತು. ಮಳೆ ಬಿದ್ದರೆ ಹೊಸ ಹುಲ್ಲು, ಹುಲ್ಲಿಗೆ ಕಡವೆ, ಜಿಂಕೆ. ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯೂ ಅದರಿಂದಲೇ ಹಿಡಿತದಲ್ಲಿತ್ತು ಅನ್ನುತ್ತಾರೆ ಹಿರಿಯರು. 1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಕಾಡೊಳಗಿದ್ದ ಪೋಡುಗಳು, ಅಂದ್ರೆ ಸೋಲಿಗರ ಹಾಡಿಗಳು, ಅಂಚಿಗೆ ಬಂದವು. ಬೆಂಕಿ ನಿಂತಿತು.

ಆಮೇಲೆ ಹಬ್ಬಿದ್ದು ಲಂಟಾನ ಕಳೆ. ಬ್ರಿಟಿಷರು ತೋಟದ ಅಂದಕ್ಕೆ ಅಂತ ತಂದ ಗಿಡ. ಈ ಕಾಡಲ್ಲಿ ಜಾಗ ಗುರುತು ಮಾಡಿಕೊಂಡು ಲೆಕ್ಕ ಹಾಕಿದ್ದಾರೆ. 1997ರಲ್ಲಿ ನೂರಕ್ಕೆ 41 ಜಾಗಗಳಲ್ಲಿದ್ದ ಲಂಟಾನ, 2008ಕ್ಕೆ 81ರಲ್ಲಿ ಇತ್ತು. ರೆಸಾರ್ಟಿನ ಬೇಲಿಯಾಚೆಯೂ ಅದೇ. ನಮ್ಮವರು ಅದರ ಹೂವಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು.

ಕಾಡಿಗೆ ವಾಪಸ್ ಕೊಡೋದು ಅಂದ್ರೆ ಏನು ಅಂದುಕೊಂಡಿದ್ದೀರಿ? ಕಣ್ಣು ಮುಚ್ಚಿ ಥ್ಯಾಂಕ್ಸ್ ಹೇಳೋದಾ? ಅದು ಮೈಬಗ್ಗಿಸಿ ಮಾಡುವ ಕೆಲಸ. ಗೆಣಸು ಅಗೆದರೆ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಲ್ಲಿ ಮುಚ್ಚಬೇಕು. ಜೇನು ಕಿತ್ತರೆ ಒಂದು ಪಾಲು ನೆಲದ ಮೇಲೆ ಬಿಡಬೇಕು, ಹುಲಿಗೆ. ಪಾಪ, ಅದಕ್ಕೆ ಮರ ಹತ್ತಿ ಕೀಳೋಕೆ ಬರಲ್ಲವಲ್ಲ! ಆ ಕೆಲಸದಲ್ಲಿ ಬೆಂಕಿಯೂ ಒಂದು. ಅದನ್ನು ಕೈಯಿಂದ ಕಿತ್ತುಕೊಂಡು, ಆಮೇಲೆ ಮೈಕ್ ಹಿಡಿದು 'ವಾಪಸ್ ಕೊಡುವವರು' ಅನ್ನುತ್ತೀವಿ.

ಈ 'ಪ್ರಕೃತಿ ಮಾತೆ' ಅನ್ನೋದೇ ನಮಗೆ ಅನುಕೂಲದ ಮಾತು. ತಾಯಿ ಬಡಿಸ್ತಾಳೆ, ನಾವು ಉಣ್ಣುತ್ತೀವಿ, ತಟ್ಟೆಯನ್ನೂ ಅವಳೇ ತೊಳೀತಾಳೆ. ಸೋಲಿಗರಿಗೆ ಬೆಟ್ಟದ ದೇವರು ರಂಗಪ್ಪ ಭಾವ. ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಭಾವನ ಮನೆಗೆ ಯಾರಾದರೂ ಬರಿಗೈಲಿ ಹೋಗ್ತಾರಾ? ಅಲ್ಲಿಂದ ಬರಿಗೈಲಿ ಬರೋದೂ ಇಲ್ಲ. ಸಲಿಗೆಯೂ ಇದೆ, ಲೆಕ್ಕವೂ ಇದೆ.

ವಾಪಸ್ ಬರುವಾಗ ಕಾರಲ್ಲಿ ಇದನ್ನೇ ಹೇಳಿದರೆ ಒಬ್ಬ ಸಹೋದ್ಯೋಗಿ, 'ಮೇಡಂ, 2019ರಲ್ಲಿ ಬಂಡೀಪುರ ಉರಿದದ್ದು ಮರೆತಿರಾ' ಅಂದರು. ಮರೆತಿಲ್ಲ ಸಾರ್. ಅದು ಫೆಬ್ರವರಿ ಕೊನೆಯ ಬೆಂಕಿ. ಒಣಗಿ ನಿಂತ ಪೊದೆ, ಮೇಲೆ ಗಾಳಿ. ಹೊತ್ತು ನೋಡಿ ತರಗಿಗೆ ಹಾಕುವ ಬೆಂಕಿಗೂ ಅದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಒಲೆ ಮೇಲೆ ಹಾಲು ಕೂಡ ಇಡಬಾರದು. ಬೇಸಿಗೆ ಬಂದರೆ ಅರಣ್ಯ ಇಲಾಖೆಗೆ ಬೆಂಕಿ ಕಾವಲಿಗೆ, ಬೆಂಕಿ ದಾಟದಂತೆ ಪಟ್ಟಿ ಬಿಟ್ಟು ಬೆಂಕಿ ರೇಖೆ ಸುಡೋಕೆ ಇದೇ ಸೋಲಿಗ ಹುಡುಗರು ಬೇಕು. ಆಗ ಮಾತ್ರ ಅವರಿಗೆ ಬೆಂಕಿ ಗೊತ್ತು!

ನಿಜ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶದ ಒಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಸಣ್ಣ ಮಾತಲ್ಲ. ಜೇನು ತೆಗೀಬಹುದು, ನೆಲ್ಲಿಕಾಯಿ ಆರಿಸಬಹುದು. ತಗೊಳ್ಳೋಕೆ ಹಕ್ಕು ಬಂತು. ಕಾಡಿಗೆ ಕೊಡುತ್ತಿದ್ದ ಬೆಂಕಿ ಮಾತ್ರ ಕ್ಯಾಂಪ್ ಫೈರಲ್ಲೇ ಉಳಿಯಿತು.

ಇಷ್ಟೆಲ್ಲ ಕೂಗಾಡೋಕೆ ನಾನ್ಯಾರು? ಅದನ್ನೂ ಹೇಳಿಬಿಡ್ತೀನಿ. ತಾತನ ಅಂಗಡಿ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಬೆಟ್ಟದಿಂದ ಇಳಿದು ಬಂದವರು ಜೇನು, ನೆಲ್ಲಿಕಾಯಿ ತಂದು ಸುರಿಯೋರು. ತಾತ ಉಪ್ಪು, ಬೆಲ್ಲ, ಬಟ್ಟೆ ಕೊಡೋರು. ತೂಕ ಹಾಕುವಾಗ ತಕ್ಕಡಿ ಯಾವ ಕಡೆ ವಾಲುತ್ತೆ ಅಂತ ಎಂಟು ವರ್ಷದ ನನಗೂ ಗೊತ್ತಿತ್ತು. ಕೊಟ್ಟು ತಗೊಳ್ಳೋ ಸಂಬಂಧ ನಮ್ಮದೂ ಇತ್ತು, ನೋಡಿ!

ಆ ತಕ್ಕಡಿ ಈಗಲೂ ಅಣ್ಣನ ಮನೆಯ ಶೋಕೇಸಿನಲ್ಲಿ, ಟಿವಿ ಪಕ್ಕ ಇದೆ. ಹಿತ್ತಾಳೆಯದ್ದು. ಹೋದ ದೀಪಾವಳಿಗೆ ನಾನೇ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿಟ್ಟು ಬಂದಿದ್ದೆ.