ರಾವಣನ ಕೆನ್ನೆಯಲ್ಲಿ ಅಡಿಕೆ ಧಾರಣೆ

ಏಳನೇ ತರಗತಿಯ ಕಾಗದದ ಮುಖವಾಡ ಒಣಗಲು ಎಷ್ಟು ದಿನ ಬೇಕು? ಬಳ್ಳಾರಿಯಲ್ಲಾದರೆ ಒಂದು ದಿನ. ಕಾಸರಗೋಡಿನ ಪೆರ್ಲದಲ್ಲಿ, ಅದೂ ಜುಲೈ ತಿಂಗಳಾದರೆ, ಮಗು ಎಂಟನೆಯದಕ್ಕೆ ಪಾಸಾಗುವುದರೊಳಗೆ ಒಣಗಿದರೆ ಪುಣ್ಯ. ಮೊಬೈಲಿನ ಕರಕುಶಲ ವಿಡಿಯೋಗಳಲ್ಲಿ "ರಾತ್ರಿಯಿಡೀ ಒಣಗಲು ಬಿಡಿ" ಎಂದು ಅರ್ಧ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಾರಲ್ಲ, ಅವರು ಯಾರೂ ಜಡಿಮಳೆಯ ಆಟಿ ತಿಂಗಳಲ್ಲಿ ಕುಂಬಳೆ ಕಡೆ ಬಂದವರಲ್ಲ. ನಮ್ಮಲ್ಲಿ ಶಾಲೆ ತೆರೆಯುವುದೂ ಜೂನ್‌ನಲ್ಲಿ, ಮಳೆ ಹಿಡಿಯುವುದೂ ಜೂನ್‌ನಲ್ಲಿ. ಹಾಗಾಗಿ ಯು.ಪಿ. (ಹಿರಿಯ ಪ್ರಾಥಮಿಕ), ಹೈಸ್ಕೂಲು ಮಕ್ಕಳ ಕಲಾಕೆಲಸಕ್ಕೆ ಪ್ರತಿಭೆಗಿಂತ ಮೊದಲು ಬೇಕಾದದ್ದು ಸೋರದ ಒಂದು ಮೂಲೆ.

ರಾವಣನ ಮುಖವಾಡ ಮಾಡಿ ತರಲು ಟೀಚರು ಎರಡು ವಾರ ಮೊದಲೇ ಹೇಳಿರುತ್ತಾರೆ. ಮಗು ಭಾನುವಾರ ರಾತ್ರಿ ಊಟಕ್ಕೆ ಕೂತು, ಸಾರು ಬಡಿಸಿಕೊಂಡ ಮೇಲೆ, "ಅಮ್ಮಾ, ಮನೆಯಲ್ಲಿ ಬೆಲೂನ್ ಉಂಟಾ?" ಎಂದು ಕೇಳುತ್ತದೆ. ಅಜ್ಜನಿಗೆ ಬೇರೆಯೇ ತಕರಾರು: "ರಾವಣನಿಗೆ ಮುಖವಾಡವಾ? ಯಾವ ಮೇಳದಲ್ಲಿ ನೋಡಿದ್ದು?" ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಇದು ನ್ಯಾಯವಾದ ಪ್ರಶ್ನೆಯೇ. ಯಕ್ಷಗಾನದಲ್ಲಿ ರಾವಣನಂಥ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಮುಖದ ಮೇಲೆಯೇ ಚಿಟ್ಟಿ (ಉಬ್ಬು ಚುಕ್ಕಿಗಳ ಸಾಲು) ಇಡುತ್ತಾರೆ. ಆದರೆ ಏಳನೇ ತರಗತಿಯ ಹುಡುಗ ಅಷ್ಟು ಹೊತ್ತು ಅಲ್ಲಾಡದೆ ಕೂರುವುದಿಲ್ಲವಾದ್ದರಿಂದ ಮುಖವಾಡವೇ ಗತಿ.

ಬೆಲೂನು ಉರುಟಿನದ್ದೇ ಆಗಬೇಕು. ಸುತ್ತಳತೆ 60 ಸೆಂ.ಮೀ. ಬರುವಷ್ಟು ಊದಿ, ಉರುಳದ ಹಾಗೆ ಅಗಲ ಬಾಯಿಯ ಪಾತ್ರೆಯಲ್ಲಿ ಕೂರಿಸಬೇಕು. ಈಗ ಅಜ್ಜಿಯ ಸರದಿ. ಕಾಗದ ಅಂಟಿಕೊಳ್ಳದಿರಲಿ ಎಂದು ಬೆಲೂನಿಗೆ ತೆಂಗಿನೆಣ್ಣೆ ಸವರಲು ಹೇಳುತ್ತಾರೆ. ಕಾಸರಗೋಡಿನಲ್ಲಿ ಯಾವ ಕಾಯಿಲೆಗೂ ಮೊದಲ ಮದ್ದು ತೆಂಗಿನೆಣ್ಣೆಯೇ ತಾನೆ. ಆದರೆ ಬೆಲೂನು ರಬ್ಬರಿನದ್ದು, ಎಣ್ಣೆ ಕುಡಿದ ರಬ್ಬರು ಬಲ ಕಳೆದುಕೊಳ್ಳುತ್ತದೆ. ಮೂರು ಪದರ ಅಂಟಿಸಿ ಎಲ್ಲರೂ ಮಲಗಿದ ಮೇಲೆ ಟಪ್ ಎನ್ನುತ್ತದೆ. ಬೆಳಿಗ್ಗೆ ಪಾತ್ರೆಯಲ್ಲಿ ಲಂಕಾಧಿಪತಿಯ ಬದಲು ಒದ್ದೆ ಕಾಗದದ ಮುದ್ದೆ. ಎಣ್ಣೆಯೇ ಬೇಡ. ಮೊದಲ ಪದರವನ್ನು ಅಂಟಿಲ್ಲದೆ ಬರೀ ನೀರಲ್ಲಿ ಅದ್ದಿ ಹಚ್ಚಿದರೆ ಬೆಲೂನು ತಾನಾಗಿ ಬಿಟ್ಟುಕೊಡುತ್ತದೆ.

ಅಂಟಿಗೆ ಒಂದು ಕುಡ್ತೆ (ಅಳತೆಯ ಲೋಟ) ಮೈದಾ. ಅದನ್ನು ಒಂದು ಕುಡ್ತೆ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುತ್ತಿರುವ ನಾಲ್ಕು ಕುಡ್ತೆ ನೀರಿಗೆ ಹೊಯ್ದು, ಹಾಲುಬಿಳಿ ಹೋಗಿ ಮಿರುಗುವವರೆಗೆ ಎರಡು ಮೂರು ನಿಮಿಷ ತಿರುವಬೇಕು. ಆರಿದಾಗ ಉದ್ದಿನ ದೋಸೆ ಹಿಟ್ಟಿನ ಹದಕ್ಕಿದ್ದರೆ ಸರಿ. ನೀರುದೋಸೆಯ ಹದಕ್ಕಿಳಿದರೆ ಒಣಗಲು ಇನ್ನೆರಡು ದಿನ ಹೆಚ್ಚು. ಬೂಸರು ಬಾರದಿರಲೆಂದು ಉಪ್ಪು ಹಾಕುವ ಕ್ರಮವೂ ಇದೆ. ಒಣ ಊರಿಗೆ ಅದು ಒಳ್ಳೆಯದು. ಇಲ್ಲಿ ಉಪ್ಪಿನ ಭರಣಿಯೇ ಮಳೆಗಾಲದಲ್ಲಿ ಬೆವರುತ್ತದೆ, ಉಪ್ಪು ತಿಂದ ರಾವಣನೂ ಬೆವರುತ್ತಾನೆ. ಇನ್ನು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ತೋಟದ ಮನೆಗಳಲ್ಲಿ ಯಾರಾದರೊಬ್ಬರು "ಬೋರ್ಡೋಗೆ ತಂದ ಮೈಲುತುತ್ತು ಉಂಟಲ್ಲ, ಒಂದು ಚಿಟಿಕೆ ಹಾಕು" ಎನ್ನುತ್ತಾರೆ. ಹುಳು ಬಾರದಿರಲು ಅಂಟಿಗೆ ತುತ್ತು ಹಾಕುವುದು ಹಳೆಯ ಕ್ರಮವೇ. ಆದರೆ ಅದು ವಿಷ, ಮಕ್ಕಳು ಮೊಣಕೈವರೆಗೆ ಅಂಟಿನಲ್ಲಿ ಅದ್ದಿ, ಅದೇ ಕೈಯಲ್ಲಿ ಚಕ್ಕುಲಿ ತಿನ್ನುವವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾವನ್ನೇ ಬಿಟ್ಟು, ಎರಡು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸುವುದು ಖರ್ಚಿನ ದಾರಿಯಾದರೂ ಬೂಸರಿಲ್ಲದ ದಾರಿ.

ಕಾಗದವನ್ನು ಕತ್ತರಿಸಬಾರದು, ಹರಿಯಬೇಕು. ಕತ್ತರಿಯ ಅಂಚು ಮೆಟ್ಟಿಲಿನಂತೆ ಎದ್ದು ಕಾಣುತ್ತದೆ, ಹರಿದ ಅಂಚು ತೆಳುವಾಗಿ ಪಕ್ಕದ ತುಂಡಿನಲ್ಲಿ ಸೇರಿಕೊಳ್ಳುತ್ತದೆ. ಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ನೆಟ್ಟಗೆ ಪಟ್ಟಿ ಬರುತ್ತದೆ. ಅಡ್ಡಕ್ಕೆ ಎಳೆದರೆ ಅದು ತನಗೆ ಬೇಕಾದಲ್ಲಿಗೆ ಹೋಗುತ್ತದೆ. ಒಂದಿಂಚು ಅಗಲ, ಮೂರು ನಾಲ್ಕಿಂಚು ಉದ್ದ ಸಾಕು.

ಎಲ್ಲಿ ಎಷ್ಟು ಪದರ ಆಯಿತೆಂದು ಲೆಕ್ಕ ತಪ್ಪುವುದು ಈ ಕೆಲಸದ ದೊಡ್ಡ ತೊಡಕು. ಒಂದೇ ಬಣ್ಣದ ಕಾಗದದ ಮೇಲೆ ಅದೇ ಬಣ್ಣದ ಕಾಗದ. ಮೂಗಿನ ಕಡೆ ಏಳು ಪದರ, ಗಲ್ಲದ ಕಡೆ ಎರಡೇ ಪದರ ಬಿದ್ದು, ಒಣಗುವಾಗ ಗಲ್ಲ ಒಳಕ್ಕೆ ಸೇದಿ ದಶಕಂಠನಿಗೆ ಬೊಚ್ಚುಬಾಯಿ ಬರುತ್ತದೆ. ಬೇರೆ ಊರಿನವರು ಇದಕ್ಕೆ ಬಣ್ಣದ ಹಾಳೆ ತರಬೇಕು. ಗಡಿನಾಡಿನವರಿಗೆ ಆ ಖರ್ಚಿಲ್ಲ. ಒಂದು ಪದರ ಕನ್ನಡ ಪತ್ರಿಕೆ, ಅದರ ಮೇಲೆ ಒಂದು ಪದರ ಮಲಯಾಳಂ ಪತ್ರಿಕೆ. ಮಲಯಾಳಂ ಪದರದ ನಡುವೆ ಎಲ್ಲಾದರೂ ಕನ್ನಡ ಅಕ್ಷರ ಇಣುಕಿದರೆ ಅಲ್ಲಿ ಮುಚ್ಚಿಲ್ಲ ಎಂದರ್ಥ. ಒಂದು ಪದರ ಅಡ್ಡ, ಇನ್ನೊಂದು ಉದ್ದ. ಹೀಗೆ ಐದು ಪದರ. ಯಾವ ಭಾಷೆ ಮೇಲೆ ಬರಬೇಕು ಎಂಬ ಚರ್ಚೆ ಅಡುಗೆಮನೆಯಲ್ಲಿ ಹುಟ್ಟಿಕೊಂಡರೆ, ಕೊನೆಗೆ ಎರಡರ ಮೇಲೂ ಬಿಳಿ ಬಣ್ಣ ಬರುತ್ತದೆ ಎಂದು ಹೇಳಿ ಮುಗಿಸಬಹುದು.

ಐದನ್ನೂ ಒಂದೇ ದಿನ ಅಂಟಿಸಬಾರದು. ಹೊರಗಿನದು ಒಣಗಿ ಗಟ್ಟಿಯಾಗಿ ಒಳಗಿನ ಒದ್ದೆಗೆ ಬಾಗಿಲು ಹಾಕಿಬಿಡುತ್ತದೆ, ನಾಲ್ಕನೇ ದಿನ ಒಳಗಿನಿಂದ ಹಳಸಿದ ವಾಸನೆ ಬರುತ್ತದೆ. ಎರಡು ಪದರ, ಒಣಗಿಸುವುದು, ಮತ್ತೆರಡು. ಬೇಗ ಆಗಲೆಂದು ಒಲೆಯ ಹತ್ತಿರ ಇಡುವವರುಂಟು. ಬಿಸಿಗೆ ಬೆಲೂನು ಉಬ್ಬಿ ಪದರ ಬಿರಿಯುತ್ತದೆ, ಒಲೆ ಆರಿದಾಗ ಕುಗ್ಗಿ ಹಸಿ ಕಾಗದವನ್ನು ಒಳಕ್ಕೆಳೆಯುತ್ತದೆ. ಫ್ಯಾನಿನ ಕೆಳಗೆ ತೂಗುಹಾಕಿ, ದಿನಕ್ಕೆರಡು ಸಲ ತಿರುಗಿಸುವುದೇ ಸರಿ. ಕೆನ್ನೆಗೆ ತಾಗಿಸಿ ನೋಡಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ನೀರುಂಟು.

ಬೆಲೂನು ತೆಗೆದು, ಬ್ಲೇಡಿನಲ್ಲಿ ಎರಡು ಹೋಳು ಮಾಡಿದರೆ ಎರಡು ಮುಖ. ಮನೆಯಲ್ಲಿ ತಮ್ಮನಿದ್ದರೆ ಎರಡನೆಯದು ಅವನಿಗೆ, ಕೊಡದಿದ್ದರೆ ಎರಡೂ ಉಳಿಯುವುದಿಲ್ಲ. ಇನ್ನು ಬಿಳಿ ಬಳಿಯುವುದು. ಚಾಕ್ ಪುಡಿಗೆ ಫೆವಿಕಾಲು, ನೀರು ಸೇರಿಸಿ ತೆಳುವಾಗಿ ಎರಡು ಸಲ. ಇದನ್ನು ಬಿಟ್ಟು ನೇರ ಬಣ್ಣಕ್ಕಿಳಿದರೆ ಪೋಸ್ಟರ್ ಕಲರಿನ ಕೆಂಪಿನ ಹಿಂದಿನಿಂದ ಅಚ್ಚಿನ ಶಾಯಿ ಮೂಡಿ, ರಾವಣನ ಎಡಗೆನ್ನೆಯಲ್ಲಿ ಹೊಸ ಅಡಿಕೆಯ ಧಾರಣೆ, ಬಲಗೆನ್ನೆಯಲ್ಲಿ ಶ್ರದ್ಧಾಂಜಲಿ. ನೋಡಲು ಬಂದ ಹಿರಿಯರು ವೇಷ ಮರೆತು ಓದಲು ಶುರುಮಾಡುತ್ತಾರೆ.

ಅಜ್ಜನ ಸಮಾಧಾನಕ್ಕೆ ಚಿಟ್ಟಿಯನ್ನೂ ಇಡಬಹುದು. ಅದೇ ಚಾಕ್ ಪುಡಿ ಮಿಶ್ರಣವನ್ನು ಗಟ್ಟಿಯಾಗಿ ಕಲಸಿ, ಮೆಹಂದಿ ಕೋನಿನಲ್ಲಿ ತುಂಬಿ, ಸಾಲಾಗಿ ಚುಕ್ಕಿ. ಒಂದೊಂದು ಚುಕ್ಕಿಯ ನಡುವೆ ಸ್ವಲ್ಪ ಜಾಗ ಬಿಡಬೇಕು, ಇಲ್ಲದಿದ್ದರೆ ಕೂಡಿಕೊಂಡು ಗೋಡೆಯಾಗಿ, ಒಣಗಿ ಬಿರುಕು ಬಿಡುತ್ತದೆ. ಪೋಸ್ಟರ್ ಕಲರನ್ನೂ ದಪ್ಪ ಬಳಿದರೆ ಬಿರಿಯುತ್ತದೆ. ಅದಕ್ಕಿಂತ ದೊಡ್ಡ ದೋಷ, ಒಣಗಿದ ಮೇಲೂ ಅದು ನೀರಿಗೆ ಕರಗುತ್ತದೆ. ಮುಖವಾಡ ಹಾಕಿ ಬೆವರಿದ ಹುಡುಗ ಅದನ್ನು ತೆಗೆದಾಗಲೂ ರಾವಣನೇ ಆಗಿರುತ್ತಾನೆ. ಅಕ್ರಿಲಿಕ್ ಬಣ್ಣಕ್ಕೆ ಆ ತೊಂದರೆಯಿಲ್ಲ, ಆದರೆ ಬ್ರಷ್ಷನ್ನು ಕೂಡಲೇ ತೊಳೆಯದಿದ್ದರೆ ಅದು ಮತ್ತೆ ಬ್ರಷ್ಷಾಗುವುದಿಲ್ಲ.

ಇಷ್ಟೆಲ್ಲ ಕಾಯಲಾಗದ ಅಪ್ಪಂದಿರು ಹಿಡಿಯುವ ಅಡ್ಡದಾರಿ ಎರಡು. ಥರ್ಮೋಕೋಲಿನಲ್ಲಿ ಕೆತ್ತಿ ಸ್ಪ್ರೇ ಪೇಂಟ್ ಹೊಡೆಯುವುದು ಒಂದು. ಪೇಂಟಿನ ದ್ರಾವಕಕ್ಕೆ ಥರ್ಮೋಕೋಲು ಕರಗಿ, ಕಣ್ಣೆದುರೇ ಮುಖದಲ್ಲಿ ಸಿಡುಬು ಏಳುತ್ತದೆ. ಮೇಲಾಗಿ ಈಗ ಶಾಲಾ ಮೇಳಗಳಿಗೆ ಹಸಿರು ನಿಯಮ ಇರುವುದರಿಂದ ಅದು ಗೇಟಿನಲ್ಲೇ ನಿಲ್ಲುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಇನ್ನೊಂದು. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಹೊಯ್ದರೆ ಗಂಟು. ಎರಡು ಪಾಲು ಪುಡಿಗೆ ಸುಮಾರು ಒಂದು ಪಾಲು ನೀರು. ಹತ್ತು ಹದಿನೈದು ನಿಮಿಷದಲ್ಲಿ ಕಲ್ಲು. ಗಟ್ಟಿಯಾಗುವಾಗ ಬಿಸಿಯೇರುತ್ತದೆ, ದಪ್ಪ ಇದ್ದರೆ 60 ಡಿಗ್ರಿ ಮುಟ್ಟಬಹುದು. ಆದ್ದರಿಂದ ಕೈಯನ್ನೋ ಮುಖವನ್ನೋ ಅದರೊಳಗಿಟ್ಟು ಅಚ್ಚು ತೆಗೆಯುವ ಮಾತೇ ಬೇಡ. ಉಳಿದದ್ದನ್ನು ಸಿಂಕಿಗೆ ಸುರಿದವರ ಮನೆಗೆ ಪ್ಲಂಬರು ಬರುತ್ತಾನೆ. ಅದು ನೀರಿನೊಳಗೂ ಗಟ್ಟಿಯಾಗುವ ವಸ್ತು.

ಕಿರೀಟಕ್ಕೆ ಮಾತ್ರ ನಮ್ಮ ಅಡಿಕೆ ಹಾಳೆಗೆ (ಸೋಗೆಯ ಬುಡದ ಅಗಲ ಭಾಗ) ಸಮಾನವಿಲ್ಲ, ದುಡ್ಡೂ ಬೇಡ. ಬೇಸಿಗೆಯಲ್ಲೇ ಒಟ್ಟುಮಾಡಿಡಬೇಕು, ಮಳೆಯಲ್ಲಿ ಬಿದ್ದದ್ದಕ್ಕೆ ಕಪ್ಪು ಕಲೆ ಬಂದಿರುತ್ತದೆ. ಒಣ ಹಾಳೆಯನ್ನು ಹಾಗೆಯೇ ಬಗ್ಗಿಸಿದರೆ ನಾರಿನುದ್ದಕ್ಕೆ ಸೀಳುತ್ತದೆ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಬೇಕಾದ ಆಕಾರಕ್ಕೆ ಬಗ್ಗಿಸಿ ಕಟ್ಟಿ, ಕಟ್ಟಿದಂತೆಯೇ ಒಣಗಿಸಬೇಕು. ಕಟ್ಟು ಬೇಗ ಬಿಚ್ಚಿದರೆ ಅದು ತನ್ನ ಹಳೆಯ ಸುರುಳಿಗೇ ಹೋಗುತ್ತದೆ. ಒಳಮೈ ನುಣುಪಾಗಿರುವುದರಿಂದ ಬಣ್ಣ ಹಿಡಿಯದೆ ಸಿಪ್ಪೆ ಏಳುತ್ತದೆ. ಮೊದಲು ಸ್ಯಾಂಡ್ ಪೇಪರಿನಲ್ಲಿ ಉಜ್ಜಿಕೊಳ್ಳುವುದು.

ಒಣಗುವ ತಲೆಬಿಸಿಯೇ ಇಲ್ಲದ ವಿಭಾಗವೊಂದು ಶಾಲಾ ಮಕ್ಕಳ ಕರಕುಶಲ ಸ್ಪರ್ಧೆಯಾದ ವೃತ್ತಿ ಪರಿಚಯ ಮೇಳದಲ್ಲಿದೆ: ಮಣ್ಣಿನ ಮಾದರಿ. ಸ್ಥಳದಲ್ಲೇ ಮೂರು ಗಂಟೆ, ತೀರ್ಪು ಹಸಿಯಲ್ಲೇ. ಮಣ್ಣನ್ನು ಗೋಣಿಯ ಮೇಲೆ ಚೆನ್ನಾಗಿ ನಾದಿ ಗಾಳಿ ತೆಗೆದಿರಬೇಕು. ಕೈಕಾಲು ಅಂಟಿಸುವಲ್ಲಿ ಎರಡೂ ಕಡೆ ಗೀರಿ, ನೀರಲ್ಲಿ ಕದಡಿದ ಲೋಳೆಮಣ್ಣು ಹಚ್ಚಿ ಒತ್ತಬೇಕು. ಬರೀ ನೀರು ಹಚ್ಚಿ ಅಂಟಿಸಿದ ಕೈ ತೀರ್ಪುಗಾರರು ಬರುವವರೆಗೆ ನಿಲ್ಲುತ್ತದೆ, ಉಪಜಿಲ್ಲೆಯ ಮೇಳದಿಂದ ಹಿಂದೆ ಬರುವ ಬಸ್ಸಿನ ಮೊದಲ ಹೊಂಡದವರೆಗೆ ಅಲ್ಲ. ಒಳಗೆ ತಂತಿ ಕೊಟ್ಟರೆ ಬಸ್ಸಿನಲ್ಲಿ ಉಳಿಯುತ್ತದೆ, ಮನೆಯಲ್ಲಿ ಸೀಳುತ್ತದೆ: ಮಣ್ಣು ಒಣಗಿ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ದಾರಿಯ ರಿಪೇರಿಗೆ ಸ್ವಲ್ಪ ಲೋಳೆಮಣ್ಣನ್ನು ಮುಚ್ಚಳವಿರುವ ಡಬ್ಬದಲ್ಲಿ ಒಯ್ಯುವುದು ಒಳ್ಳೆಯದು. ಆ ಡಬ್ಬ ಸಾಮಾನ್ಯವಾಗಿ ಮಧ್ಯಾಹ್ನದ ಪಲ್ಯದ್ದೇ ಆಗಿರುತ್ತದೆ. ಮರುದಿನ ಪಲ್ಯ ತುಂಬಿಸುವ ಮೊದಲು ಅಮ್ಮ ಒಮ್ಮೆ ತೆರೆದು ನೋಡಬೇಕು.