ಶೆಡ್ ನಮ್ಮದು, ಕೋಳಿ ಯಾರದ್ದು?

ನಾನಿರುವುದು ಅಮೆರಿಕದ ಡೆಲವೇರ್ ರಾಜ್ಯದ ಸಸೆಕ್ಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ರಸ್ತೆಯ ಎರಡೂ ಬದಿ ಮೆಕ್ಕೆಜೋಳ, ಸೋಯಾ ಹೊಲ. ನಡುನಡುವೆ ಉದ್ದುದ್ದನೆಯ ಕೋಳಿ ಶೆಡ್‌ಗಳು. ಒಂದೊಂದರಲ್ಲೂ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಕೋಳಿ. ಗಾಳಿ ಇತ್ತ ತಿರುಗಿದ ದಿನ ಮನೆಯೊಳಗೂ ಗೊಬ್ಬರದ ವಾಸನೆ.

ಈ ಬ್ರಾಯ್ಲರ್ ಕೋಳಿಯ ಕಥೆ ಶುರುವಾದದ್ದೇ ಈ ಸೀಮೆಯಲ್ಲಿ. 1923ರಲ್ಲಿ ಓಷನ್ ವ್ಯೂ ಎಂಬ ಊರಿನ ಸೆಸಿಲ್ ಸ್ಟೀಲ್ ಎಂಬ ಹೆಣ್ಣುಮಗಳು ಮೊಟ್ಟೆಗಾಗಿ 50 ಮರಿ ಬೇಕೆಂದು ಹೇಳಿಕಳಿಸಿದರು. ಬಂದದ್ದು 500. ವಾಪಸ್ ಕಳಿಸಲಿಲ್ಲ, ಒಂದು ಸಣ್ಣ ಮನೆ ಕಟ್ಟಿಸಿ ಸಾಕಿದರು. ಉಳಿದ 387 ಕೋಳಿ ಹದಿನೆಂಟು ವಾರಕ್ಕೆ ತಲಾ ಒಂದು ಕೆಜಿಯಷ್ಟು ತೂಗಿದವು. ಮಾಂಸಕ್ಕೆಂದು ಮಾರಿದರು, ಒಳ್ಳೆಯ ಲಾಭ ಬಂತು. ಮುಂದಿನ ವರ್ಷ ಅವರೇ 1,000 ಮರಿ ತಂದರು. ಆ ಪುಟ್ಟ ಕೋಳಿಮನೆಯನ್ನು ಇಂದಿಗೂ ಕಾಪಾಡಿ ಇಟ್ಟಿದ್ದಾರೆ. ಒಂದು ಕೋಣೆಯಷ್ಟೇ ಇದೆ. ಹಳ್ಳಿಯ ಹೆಂಗಸೊಬ್ಬರು ತಮ್ಮ ಕೈಯಾರೆ ಸಾಕಿ, ತಾವೇ ಮಾರಿದ ಕೋಳಿ ಅವು. ಅದರ ಮುಂದೆ ನಿಂತಾಗ ನನಗೆ ನಮ್ಮಮ್ಮನ ನೆನಪಾಯಿತು.

ಇಲ್ಲಿ ನಮ್ಮ ಪಕ್ಕದ ಹೊಲದವರು ವರ್ಷಾನುಗಟ್ಟಲೆಯಿಂದ ಒಂದು ಕಂಪನಿಗೆ ಕೋಳಿ ಸಾಕಿಕೊಡುತ್ತಿದ್ದಾರೆ. ಮರಿ, ಫೀಡ್, ಔಷಧಿ ಎಲ್ಲಾ ಕಂಪನಿಯದು. ಶೆಡ್, ಕರೆಂಟು, ಬ್ಯಾಂಕ್ ಸಾಲ ಇವರದು. ಒಂದೇ ವಾರದಲ್ಲಿ ಕೋಳಿ ಕೊಟ್ಟ ರೈತರನ್ನೆಲ್ಲ ಒಬ್ಬರಿಗೊಬ್ಬರು ಹೋಲಿಸಿ, ಕಡಿಮೆ ಖರ್ಚಿನಲ್ಲಿ ತೂಕ ತಂದವರಿಗೆ ಜಾಸ್ತಿ ದರ, ಹಿಂದೆ ಬಿದ್ದವರಿಗೆ ಕಡಿಮೆ. ಬಂದ ಮರಿ ಬಲಹೀನವಾಗಿದ್ದರೂ ಪೆಟ್ಟು ತಿನ್ನುವವರು ಇವರೇ.

ಇದನ್ನು ಕೇಳಿದ ವಾರವೇ ನಾಗಮಂಗಲದ ಕಡೆ ಇರುವ ನಮ್ಮ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದ್ದೆ. ಅವನದು ಐದು ಸಾವಿರ ಕೋಳಿಯ ಶೆಡ್. ಅವನೂ ಒಂದು ಕಂಪನಿಗೆ ಸಾಕುತ್ತಾನೆ. "ಶೆಡ್ ನಂದು, ಸಾಲ ನಂದು, ಕೆಳಗೆ ಹಾಸೋ ಹೊಟ್ಟು ನಂದು, ಕರೆಂಟ್ ಬಿಲ್ ನಂದು. ಕೋಳಿ ಮಾತ್ರ ಅವರದ್ದು ಅಣ್ಣ. ಹಬ್ಬಕ್ಕೆ ಒಂದು ಕೋಳಿ ಕುಯ್ಯೋಣ ಅಂದ್ರೂ ಲೆಕ್ಕ ಕೊಡಬೇಕು" ಅಂದ. ಏಪ್ರಿಲ್ ಬಿಸಿಲಿಗೆ ಒಂದೇ ಮಧ್ಯಾಹ್ನ ನೂರಾರು ಕೋಳಿ ಸತ್ತದ್ದನ್ನೂ ಹೇಳಿದ. ಬೆಲ್ಲದ ನೀರು ಕೊಟ್ಟು, ಚಾವಣಿ ಮೇಲೆ ನೀರು ಬಿಟ್ಟು ಎಷ್ಟು ಒದ್ದಾಡಿದರೂ ಉಳಿಯಲಿಲ್ಲವಂತೆ. ಡೆಲವೇರ್ ಆದರೇನು, ನಾಗಮಂಗಲ ಆದರೇನು, ಮಾತು ಒಂದೇ ಅಲ್ವಾ? ಅಮೆರಿಕದಲ್ಲಿ ರೈತರು ಹಾಗೆ, ನಮ್ಮಲ್ಲಿ ಹೀಗೆ ಎಂದು ಹೋಲಿಸುವವರು ಇದನ್ನು ನೋಡಬೇಕು. ಹೋಲಿಸಬೇಕಾದ್ದು ದೇಶಗಳನ್ನಲ್ಲ, ಸಾಕುವ ಎರಡು ದಾರಿಗಳನ್ನು.

ಎರಡನೇ ದಾರಿಯನ್ನು ನಾನು ಇಲ್ಲಿ ಕಲಿತೆ. ಮನೆ ಹಿಂದೆ ಎರಡು ಎಕರೆ ಹುಲ್ಲು ಇದೆ. ವರ್ಷಕ್ಕೆ ಎರಡು ಬ್ಯಾಚ್, ಒಂದೊಂದರಲ್ಲೂ 50 ಮರಿ. ಒಂದು ದಿನದ ಮರಿ ಅಂಚೆಯಲ್ಲೇ ಬರುತ್ತದೆ. ಹೊಟ್ಟೆಯೊಳಗೆ ಉಳಿದ ಹಳದಿಯ ಬಲದಲ್ಲಿ ಮರಿ ಎರಡು ಮೂರು ದಿನ ತಿನ್ನದೆ ಕುಡಿಯದೆ ಇರಬಲ್ಲದು. ಮೊದಲ ವಾರ ದೀಪದ ಕೆಳಗೆ 35 ಡಿಗ್ರಿ ಶಾಖ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಥರ್ಮಾಮೀಟರ್‌ಗಿಂತ ಮರಿಯನ್ನೇ ನೋಡುವುದು ಒಳ್ಳೆಯದು. ದೀಪದಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ಮೂಲೆಗೆ ಓಡಿ ಬಾಯಿ ತೆರೆದು ನಿಂತರೆ ಸೆಖೆ. ಎಲ್ಲಾ ಕಡೆ ಹರಡಿಕೊಂಡು ಮೇಯುತ್ತಿದ್ದರೆ ಸರಿಯಾಗಿದೆ.

ಮೂರು ವಾರಕ್ಕೆ ರೆಕ್ಕೆಪುಕ್ಕ ಬಂದ ಮೇಲೆ ಹುಲ್ಲಿನ ಮೇಲಿನ ಗೂಡಿಗೆ. ತಳ ಇಲ್ಲದ ಗೂಡು. 8 ಅಡಿ ಅಗಲ, 10 ಅಡಿ ಉದ್ದ, 2 ಅಡಿ ಎತ್ತರ. ಅರ್ಧಕ್ಕೆ ತಗಡು, ಅರ್ಧಕ್ಕೆ ಜಾಲರಿ. ದಿನಾ ಬೆಳಗ್ಗೆ ಗೂಡನ್ನು ಅದರಷ್ಟೇ ಉದ್ದ ಮುಂದೆ ಎಳೆಯಬೇಕು. ಕೋಳಿಗಳಿಗೆ ಒಂದು ವಾರದಲ್ಲಿ ಇದು ರೂಢಿಯಾಗುತ್ತದೆ. ಹಗ್ಗಕ್ಕೆ ಕೈ ಹಾಕಿದ ಕೂಡಲೇ ಎಲ್ಲಾ ಎದ್ದು ಮುಂಬದಿಗೆ ಬಂದು ನಿಲ್ಲುತ್ತವೆ. ಹೊಸ ಹುಲ್ಲು ಸಿಕ್ಕ ಮೊದಲ ಐದು ನಿಮಿಷ ಫೀಡ್ ಕಡೆ ತಿರುಗಿಯೂ ನೋಡುವುದಿಲ್ಲ. ಹಿಂದೆ ಬಿಟ್ಟ ಜಾಗಕ್ಕೆ ಗೊಬ್ಬರ ಬಿದ್ದು, ತಿಂಗಳೊಳಗೆ ಅಲ್ಲಿ ಹುಲ್ಲು ಕಡು ಹಸಿರಾಗುತ್ತದೆ.

ಆದರೆ ತಳಿಯ ವಿಷಯದಲ್ಲಿ ನನಗೆ ಇಲ್ಲಿನ ದಾರಿ ಒಪ್ಪಿಗೆಯಿಲ್ಲ. 1948ರಲ್ಲಿ ಇದೇ ಕೌಂಟಿಯ ಜಾರ್ಜ್‌ಟೌನ್‌ನಲ್ಲಿ 'ನಾಳಿನ ಕೋಳಿ' ಅಂತ ಒಂದು ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಎದೆ ತುಂಬಿದ, ಬೇಗ ಬೆಳೆಯುವ ಕೋಳಿ ಬೇಕು ಎನ್ನುವುದೇ ಅದರ ಗುರಿ. ಆ ಜಾಡಿನಲ್ಲೇ ಬೆಳೆದು ಬಂದದ್ದು ಇವತ್ತಿನ ಬಿಳಿ ಕಾರ್ನಿಶ್ ಕ್ರಾಸ್. ಎಂಟು ವಾರಕ್ಕೆ ಎರಡೂವರೆ ಕೆಜಿ ದಾಟುತ್ತದೆ. ಆದರೆ ಮೈಭಾರ ಹೊರಲು ಕಾಲಿಗೆ ಶಕ್ತಿ ಇಲ್ಲ, ಹೃದಯಕ್ಕೂ ಇಲ್ಲ. ರಾತ್ರಿ ಫೀಡ್ ತೆಗೆದಿಡದಿದ್ದರೆ ಕೆಲವು ಕೂತಲ್ಲೇ ಸಾಯುತ್ತವೆ. ಒಂದು ಬ್ಯಾಚ್‌ನಲ್ಲಿ ನಾಲ್ಕನ್ನು ಹಾಗೆ ಎತ್ತಿ ಹಾಕಿದ ಮೇಲೆ ಆ ತಳಿ ಬಿಟ್ಟೆ. ಈಗ ತರುವುದು ನಿಧಾನಕ್ಕೆ ಬೆಳೆಯುವ ಕೆಂಪು ಕೋಳಿ. ಹನ್ನೆರಡು ವಾರ ಬೇಕು, ಫೀಡ್ ಖರ್ಚು ಜಾಸ್ತಿ. ಆದರೆ ಓಡಾಡುತ್ತದೆ, ಕೆದಕುತ್ತದೆ, ಕೋಳಿಯ ಹಾಗೆ ಬದುಕುತ್ತದೆ.

ಈ ವಿಷಯದಲ್ಲಿ ನಮ್ಮೂರು ಎಷ್ಟೋ ಮುಂದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರ ತಳಿಗಳಿವೆ. ಹಿತ್ತಲಲ್ಲಿ ಮೇಯ್ದು, ನಮ್ಮ ಬಿಸಿಲು ತಡೆದು ಬೆಳೆಯುತ್ತವೆ. ನಾಟಿ ಕೋಳಿಗಂತೂ ಹೇಂಟೆಯೇ ದೀಪ, ಹೇಂಟೆಯೇ ಕಾವಲು. ಅಮ್ಮ ಬುಟ್ಟಿಗೆ ರಾಗಿಹುಲ್ಲು ಹಾಸಿ ಕಾವಿಗೆ ಕೂರಿಸುತ್ತಿದ್ದರು. ಇಪ್ಪತ್ತೊಂದನೇ ದಿನ ಮರಿ. ಸಂಜೆ ಹೊತ್ತು ಹಳೆಯ ಮಡಕೆಗೆ ಒದ್ದೆ ಹುಲ್ಲು, ಸಗಣಿ ತುಂಬಿ ಗೆದ್ದಲು ಇರುವ ಕಡೆ ಬೋರಲು ಹಾಕುತ್ತಿದ್ದರು. ಬೆಳಗ್ಗೆ ಎತ್ತಿ ಕೊಡವಿದರೆ ಬಿಳಿ ಗೆದ್ದಲು ಸುರಿಯುತ್ತಿತ್ತು, ಮರಿಗಳು ಮುಗಿಬೀಳುತ್ತಿದ್ದವು. ನಾನಿಲ್ಲಿ ದುಡ್ಡು ಕೊಟ್ಟು ಚೀಲ ಚೀಲ ತರುವ ಪ್ರೋಟೀನ್ ಅದೇ. ಒಂದೇ ಕೊರತೆ ಅಂದರೆ ಕೊಕ್ಕರೆ ರೋಗ. ಅದು ಬಂದ ವರ್ಷ ಗೂಡೇ ಖಾಲಿಯಾಗುತ್ತಿತ್ತು. ಮೊದಲ ವಾರದಲ್ಲಿ ಲಸೋಟ ಲಸಿಕೆಯ ಹನಿ ಹಾಕಿಸಿ, ಆಮೇಲೆ ಹೊತ್ತಿಗೆ ಸರಿಯಾಗಿ ಮತ್ತೆ ಹಾಕಿಸಿದರೆ ಇದನ್ನು ತಡೆಯಬಹುದು. ಅದು ಅಮ್ಮನ ಕಾಲಕ್ಕೆ ಹಳ್ಳಿ ಮನೆಗೆ ತಲುಪಲಿಲ್ಲ.

ಇನ್ನು ಮಾರಾಟ. ಇಲ್ಲಿ ಮಾಂಸ ಮಾರಬೇಕಾದರೆ ಸರ್ಕಾರಿ ಇನ್ಸ್‌ಪೆಕ್ಟರ್ ಇರುವ ಕಸಾಯಿಖಾನೆಯಲ್ಲೇ ಕುಯ್ಯಬೇಕು. ಆದರೆ ವರ್ಷಕ್ಕೆ 1,000 ಕೋಳಿಯೊಳಗೆ ತಾನೇ ಸಾಕಿ, ತಾನೇ ಶುಚಿಯಾಗಿ ಕುಯ್ದು ಮಾರುವ ಸಣ್ಣ ರೈತನಿಗೆ ಕೇಂದ್ರದ ಕಾನೂನು ವಿನಾಯಿತಿ ಕೊಟ್ಟಿದೆ. ರಾಜ್ಯಗಳ ನಿಯಮ ಸ್ವಲ್ಪ ಹೆಚ್ಚುಕಡಿಮೆ. ಸಣ್ಣವರು ಉಳಿದಿರುವುದು ಈ ಒಂದು ಸಾಲಿನಿಂದ. ನಮ್ಮಲ್ಲಿ ಅಷ್ಟು ಕಷ್ಟವೂ ಇಲ್ಲ. ಜನ ಸಂತೆಗೆ ಬಂದು, ಮನೆ ಬಾಗಿಲಿಗೇ ಬಂದು ಜೀವಂತ ಕೋಳಿಯನ್ನು ಕೈಯಲ್ಲಿ ಹಿಡಿದು, ತೂಕ ನೋಡಿ ಒಯ್ಯುತ್ತಾರೆ. ನಾಟಿಗೆ ಫಾರಂ ಕೋಳಿಗಿಂತ ಜಾಸ್ತಿ ಕಾಸು ಕೊಡಲು ತಯಾರಿದ್ದಾರೆ. ಇಷ್ಟೆಲ್ಲ ಇಟ್ಟುಕೊಂಡು ಸಾಲ ಮಾಡಿ ಶೆಡ್ ಕಟ್ಟಿ, ಬೇರೆಯವರ ಕೋಳಿಗೆ ಯಾಕೆ ಕಾವಲಿರಬೇಕು?

ಐವತ್ತು ಕೋಳಿಯಿಂದ ಸಂಸಾರ ನಡೆಯುವುದಿಲ್ಲ, ನಿಜ. ರಾಗಿ, ರೇಷ್ಮೆ, ಹಸು ಇರುವ ಮನೆಗೆ ಇದೊಂದು ಸೇರಿಕೊಳ್ಳಬೇಕು. ತೆಂಗಿನ ತೋಟದಲ್ಲಿ ಗೂಡು ಎಳೆದರೆ ಗೊಬ್ಬರ ಮರದ ಬುಡಕ್ಕೇ ಬೀಳುತ್ತದೆ. ಇಲ್ಲಿಂದ ನಾವು ಒಯ್ಯಬೇಕಾದ್ದು ಈ ಎಳೆಯುವ ಗೂಡನ್ನು, ಜೊತೆಗೆ ಮೊದಲೇ ಗಿರಾಕಿ ಗೊತ್ತು ಮಾಡಿ ಲೆಕ್ಕ ಬರೆದಿಡುವ ಅಭ್ಯಾಸವನ್ನು. ಬಿಳಿ ಕೋಳಿಯನ್ನಲ್ಲ.

ಕುಯ್ಯುವ ದಿನ ನಾನು ಒಂದು ಕೋಳಿಯನ್ನು ನಮ್ಮ ರೀತಿಯಲ್ಲೇ ಮಾಡುತ್ತೇನೆ. ಬಿಸಿನೀರಲ್ಲಿ ಅದ್ದಿ ಪುಕ್ಕ ಕಿತ್ತು, ಅರಿಶಿನ ಹಚ್ಚಿ, ಒಣ ಹುಲ್ಲಿನ ಉರಿಯಲ್ಲಿ ಸುಟ್ಟು ತೊಳೆಯುವುದು. ಪಕ್ಕದ ಹೊಲದವರು ಒಮ್ಮೆ ಆ ವಾಸನೆಗೆ ಬೇಲಿ ಹತ್ತಿರ ಬಂದು ನಿಂತಿದ್ದರು. ಸಾರು ಕೊಟ್ಟೆ. ಇಷ್ಟು ವರ್ಷದಲ್ಲಿ ಸ್ವಂತದ್ದು ಅಂತ ಒಂದು ಕೋಳಿ ಸಾಕಿಲ್ಲ ಎಂದರು.

ನಾಗಮಂಗಲದ ಆ ಚಿಕ್ಕಪ್ಪನ ಮಗ ಹೋದ ವಾರ ಗೂಡಿನ ಅಳತೆ ಕೇಳಿದ. ಕಬ್ಬಿಣ ಬೇಡ, ಬಿದಿರಲ್ಲೇ ಮಾಡುತ್ತಾನಂತೆ. ಡಿಸೆಂಬರ್ ಕೊನೆಗೆ 25 ಗಿರಿರಾಜ ಮರಿ ತಂದರೆ ಹೊಸತೊಡಕಿಗೆ ಸರಿಯಾಗುತ್ತವೆ ಅಂತ ಲೆಕ್ಕ ಹಾಕಿದ್ದಾನೆ. "ನೆಲ ಬಗೆದು ಮುಂಗುಸಿ ನುಗ್ಗಿದ್ರೆ ಏನ್ ಮಾಡ್ಲಿ ಅಣ್ಣ?" ಅಂದ. ಇಲ್ಲಿ ನರಿಗೆ ಮಾಡಿದಂತೆ, ಗೂಡಿನ ಸುತ್ತ ನೆಲದ ಮೇಲೆ ಎರಡು ಅಡಿ ಜಾಲರಿ ಹಾಸು ಅಂತ ಹೇಳಿದ್ದೇನೆ.